ರೇಷ್ಮೆಯಲ್ಲಿ ಸುತ್ತಿದ ಡಿಸ್ಕು

ಕಿಟಕಿ ಪಕ್ಕ ಕೂತಿದ್ದೆ ಎಂದು ಬರೆದು ಆ ಸಾಲನ್ನು ಹೊಡೆದುಹಾಕಿದ್ದೇನೆ. ಇಳಕಲ್ಲಿನಿಂದ ಬಾಗಲಕೋಟೆಗೆ ಹೊರಟ ಆ ಬಸ್ಸಿನಲ್ಲಿ ನಾನು ಖಚಿತವಾಗಿ ನೋಡಿದ್ದು ತೊಡೆಯ ಮೇಲಿನ ಸ್ಟೀಲ್ ಡಬ್ಬಿಯನ್ನು ಮಾತ್ರ. ಅದರೊಳಗೆ ಅಕ್ಕನ ಕಂಪ್ಯೂಟರಿನಿಂದ ಬಿಚ್ಚಿದ ಹಾರ್ಡ್ ಡಿಸ್ಕು, ರ‍್ಯಾಮಿನ ಎರಡು ಪಟ್ಟಿ.

ಅಕ್ಕ ಸೀರೆಯ ದಡಿಗಳ ನಕ್ಷೆ ಬಿಡಿಸುತ್ತಾಳೆ. ಓಣಿಯ ಮುದುಕಿಯರಿಂದ ಹರಿದ ಸೀರೆ ಬೇಡಿ ತಂದು, ಎಳೆ ಎಳೆ ಎಣಿಸಿ, ಹಳೆಯ ದಡಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಸಿಟ್ಟಿದ್ದಳು. ಆ ಸೀರೆಗಳಲ್ಲಿ ಎಷ್ಟೋ ಆಮೇಲೆ ಹೊದೆಯುವ ಕೌದಿಯಾದವು, ಕೆಲವು ಮುದುಕಿಯರ ಜೊತೆಗೇ ಹೋದವು. ಡಿಸ್ಕಿನಲ್ಲಿದ್ದದ್ದಕ್ಕೆ ಬೇರೆ ಪ್ರತಿ ಇರಲಿಲ್ಲ. ಇನ್ನೊಂದು ಪ್ರತಿ ಮಾಡಿಟ್ಟುಕೋ ಎಂದು ನಾನು ಹೇಳಿದ್ದೆನೆಂದು ನನ್ನ ನೆನಪು. ಮಾಡಿಕೊಡುತ್ತೇನೆ ಎಂದಿದ್ದೆನೆಂದು ಅವಳ ನೆನಪು.

ಒಂದು ಬೆಳಿಗ್ಗೆ ಕಂಪ್ಯೂಟರು ಚಾಲೂ ಆಗಲಿಲ್ಲ. ಇಡೀ ಪೆಟ್ಟಿಗೆ ಹೊತ್ತು ತರಬೇಡಿ, ಡಿಸ್ಕು ಮತ್ತು ರ‍್ಯಾಮು ಬಿಚ್ಚಿ, ಮೆತ್ತಗೆ ಸುತ್ತಿ ತನ್ನಿ ಎಂದು ಬಾಗಲಕೋಟೆಯ ರಿಪೇರಿಯವರು ಫೋನಿನಲ್ಲಿ ಹೇಳಿದರು. ಮೆತ್ತಗೆ ಅಂದರೆ ನೇಕಾರರ ಮನೆಯಲ್ಲಿ ಇನ್ನೇನಿರುತ್ತದೆ? ಅವ್ವ ಸೆರಗಿಗೆ ನೇಯ್ದು ಉಳಿದ ರೇಷ್ಮೆ ತುಂಡುಗಳನ್ನು ತಂದಳು.

"ಬಂಗಾರ ಇಟ್ಟಂಗ ಇಡ್ತೇನಿ, ನೀ ಸರಿ," ಎಂದು ಒಂದೊಂದನ್ನೂ ಸುತ್ತಿ, ಸಂದಿಯಲ್ಲಿ ರೇಷ್ಮೆ ಎಳೆಗಳ ಚಿಂದಿ ತುರುಕಿದಳು.

ಬಸ್ಸು ಹುನಗುಂದದಲ್ಲಿ ನಿಂತಾಗ ರಿಪೇರಿಯವರ ಫೋನು ಬಂತು.

"ಎಲ್ಲಿ ಬಂದ್ರಿ? ಯಾದ್ರಾಗ ಸುತ್ತೀರಿ?"

"ರೇಷ್ಮಿದಾಗ್ರಿ. ಖರೇ ರೇಷ್ಮಿ." ಹೆಮ್ಮೆಯಿಂದಲೇ ಹೇಳಿದೆ.

"ಮದವಿಗೆ ಕರ್ಕೊಂಡು ಹೊಂಟೀರೇನ್ರಿ ಅದನ್ನ? ರೇಷ್ಮಿ ತಿಕ್ಕಿದ್ರ ಕರೆಂಟ್ ಹುಟ್ತೈತ್ರಿ. ಕಣ್ಣಿಗೆ ಕಾಣಲಾರದಷ್ಟು ಕಿಡಿ ಹಾರಿದ್ರೂ ಚಿಪ್ ಸಾಯ್ತೈತಿ. ಬಿಚ್ರಿ ಮೊದಲ. ತಡೀರಿ, ತಡೀರಿ, ಬಿಚ್ಚಬ್ಯಾಡ್ರಿ! ಎಳದ್ರ ಮತ್ತ ತಿಕ್ಕತೈತಿ. ಅಲುಗಲಾರದಂಗ ಹಿಡ್ಕೊಂಡು ಬರ್ರಿ."

ಇದು ನನಗೆ ಗೊತ್ತಿದ್ದ ವಿಷಯ. ಬೇಸಿಗೆಯ ಒಣ ಮಧ್ಯಾಹ್ನ ಮಗ್ಗದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹತ್ತಿರ ಹೋದರೆ ಮುಂಗೈಯ ಕೂದಲು ನಿಮಿರುತ್ತದೆ. ಅದಕ್ಕೇ ಅಪ್ಪ ಮಗ್ಗದ ಕೆಳಗಿನ ಕುಣಿಗೆ ನೀರು ಚಿಮುಕಿಸುತ್ತಿದ್ದ. ಎಷ್ಟೋ ಸಲ ನಾನೇ ಚಿಮುಕಿಸಿದ್ದೇನೆ. ಆದರೂ ಬೆಳಿಗ್ಗೆ ಅವ್ವ ಸುತ್ತುವಾಗ ಡಬ್ಬಿ ಹಿಡಿದುಕೊಂಡು ನಿಂತಿದ್ದವನೂ ನಾನೇ.

ರಸ್ತೆಯಲ್ಲಿ ಅಷ್ಟೊಂದು ಉಬ್ಬುಗಳು ಇದ್ದವೋ ಇಲ್ಲವೋ, ನನ್ನ ತೊಡೆಗಳು ಎಲ್ಲವನ್ನೂ ಲೆಕ್ಕ ಹಿಡಿದವು. ಪ್ರತಿ ಕುಲುಕಿಗೂ ಒಳಗೆ ರೇಷ್ಮೆ ತಿಕ್ಕುತ್ತಿತ್ತು, ಒಂದು ದಡಿ ಅಳಿಸಿಹೋಗುತ್ತಿತ್ತು. ಕೈ ಬೆವರಿದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಒರೆಸಿಕೊಳ್ಳಲೂ ಇಲ್ಲ.

"ಹಾಲೇನೋ ತಮ್ಮಾ? ಚೆಲ್ಲತೈತೇನು?" ಪಕ್ಕದ ಅಜ್ಜಿ ಕೇಳಿದಳು.

"ಹಾಲಲ್ಲಬೇ. ಚೆಲ್ಲೂದಿಲ್ಲ."

"ಮತ್ತ ಮಾರಿ ಯಾಕ ಹಂಗ ಮಾಡೀಯೋ?"

ಅಂಗಡಿಯಲ್ಲಿ ರಿಪೇರಿಯವರು ಮೊದಲು ಕಬ್ಬಿಣದ ರ‍್ಯಾಕು ಮುಟ್ಟಿ ಮೈಯ ಕರೆಂಟ್ ಇಳಿಸಿಕೊಂಡರು, ನನಗೂ ಮುಟ್ಟಿಸಿದರು. ರಟ್ಟಿನ ಮೇಲಿಟ್ಟು ಮೆಲ್ಲಗೆ ಬಿಚ್ಚಿದರು. ಒಂದು ಕೆಂಪು ಎಳೆ ಡಿಸ್ಕಿನ ಹಸಿರು ಸರ್ಕ್ಯೂಟ್ ಹಲಗೆಗೆ ಅಂಟಿಕೊಂಡು ಬರಲೊಲ್ಲದು. ರ‍್ಯಾಮಿನ ಒಂದು ಪಟ್ಟಿಗೆ ಜೀವ ಬಂತು, ಇನ್ನೊಂದಕ್ಕೆ ಬರಲಿಲ್ಲ.

"ಇದು ಮೊದಲ ಹೋಗಿತ್ತೋ, ನಿಮ್ಮ ರೇಷ್ಮಿ ಕೊಂದಿತೋ, ಹೇಳಾಕ ಬರೂದಿಲ್ಲರಿ."

ಆಮೇಲೆ ಡಿಸ್ಕು. ಗುರ್ ಎಂದಿತು, ನಿಂತಿತು. ಮತ್ತೆ ತಿರುಗಿತು. ಪರದೆಯ ಮೇಲೆ ಒಂದು ದಡಿ, ಅದರ ಕೆಳಗೆ ಇನ್ನೊಂದು. ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಲು ಹೇಳಿ ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಸಂತೋಷವಾಯಿತು ಎಂದು ಬರೆಯಬಹುದು, ಆದರೆ ನನಗೆ ಕೇಳಿಸಿದ್ದು ಇಷ್ಟೇ:

"ಎಲ್ಲಾ ತೆರೀತಾವೇನು? ಒಂದೊಂದ ತೆರದು ನೋಡು."

ಒಂದೊಂದೇ ತೆರೆದೆ. ಅವಳು ಫೋನು ಇಡದೆ ಕಾದಳು. ಎಲ್ಲವೂ ತೆರೆದವು ಎಂದಾಗ ಉಸಿರು ಬಿಟ್ಟದ್ದು ಕೇಳಿಸಿತು.

"ಎರಡೂ ಡಿಸ್ಕು ಒಂದ ಬಸ್ಸಿನ್ಯಾಗ ನೀನ ತರಬ್ಯಾಡ," ಎಂದಳು. "ಹೊಸಾದ ತಗೊಂಡು ಬಾ. ಹಳೇದು ಅಲ್ಲೇ ಇರಲಿ, ನಾಳಿ ಬ್ಯಾರೆ ಬಸ್ಸಿಗೆ ನಾ ತರ್ತೇನಿ."