ಗಾಳಿ ಕಂಪನಿಯ ಮನೆತನ ಕೇಳಿದ ನೇತ್ರಾ

ನೇತ್ರಾಳ ಸುದ್ದಿ ಬಸಲಿಂಗವ್ವನ ಕಿವಿಗೆ ಮೊದಲು ಬಿದ್ದದ್ದು ಬೇವೂರಿನ ಹಿಟ್ಟಿನ ಗಿರಣಿಯಲ್ಲಿ. ಅವತ್ತು ಸೋಮವಾರ. ಜೋಳದ ಡಬ್ಬಿ ಸರತಿಗೆ ಇಟ್ಟು ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಗಿರಣಿಯ ಇಬ್ರಾಹಿಂಸಾಬ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಪಾಂಡಪ್ಪನ ಹೊಸಾ ಸೊಸಿನ್ನ ನೋಡೀರೇನ್ರಿ ಅಮ್ಮಾ? ಇಳಕಲ್ಲಿನಾಕಿ. ವಹಿ ಮುಂದ ಇಟ್ಕೊಂಡು ಫೋನಿಗೆ ಪ್ರಶ್ನಿ ಹಾಕ್ತಾಳಂತ. ಫೋನು ಕುಂತು ಉತ್ತರಾ ಬರೀತೈತಂತ."

"ಫೋನಿಗೂ ಪರೀಕ್ಷಾ ಬಂತೇನೋ?" ಅಂದಳು ಬಸಲಿಂಗವ್ವ. "ಪಾಸಾತೋ ನಪಾಸಾತೋ ಕೇಳು."

ಕಟ್ಟೆಯ ಮೇಲಿನ ಹೆಂಗಸರೆಲ್ಲ ನಕ್ಕರು. ಬಸಲಿಂಗವ್ವನೂ ನಕ್ಕಳು. ಆದರೆ ಮನೆಗೆ ಬರುವಾಗ ದಾರಿ ಬಳಸಿ ಪಾಂಡಪ್ಪನ ಮನೆಯ ಮುಂದೆ ಹಾದು ಬಂದಳು. ಅದು ಆಕೆಯ ಗುಣ. ಕೇಳಿದ್ದನ್ನು ಕಣ್ಣಿಂದ ನೋಡುವತನಕ ಸಮಾಧಾನವಿಲ್ಲ.

ಬಸಲಿಂಗವ್ವನಿಗೆ ಎಪ್ಪತ್ತೊಂದು. ಗಂಡ ತೀರಿ ಹತ್ತೊಂಬತ್ತು ವರ್ಷ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಊರಲ್ಲಿ ಆಕೆಗೆ ಹೆಸರು ಬಂದದ್ದು ಬೇರೆ ಕೆಲಸಕ್ಕೆ. ಯಾರದೇ ಮನೆಯಲ್ಲಿ ಹೆಣ್ಣು ಕೊಡುವ ಮಾತು ಬಂದರೆ, ಗಂಡಿನ ಮನೆತನ ಕೇಳಿಕೊಂಡು ಬಾ ಅಂತ ಮೊದಲು ಆಕೆಯ ಬಾಗಿಲಿಗೆ ಬರುತ್ತಿದ್ದರು. ಯಾವ ಊರಿಗೆ ಯಾವ ಬಸ್ಸಿಗೆ ಹೋದೆ, ಯಾರ ಪಡಸಾಲೆಯಲ್ಲಿ ಕುಳಿತೆ, ಏನು ತಿನ್ನಲು ಕೊಟ್ಟರು, ಎಲ್ಲಾ ಇವತ್ತಿಗೂ ನಾಲಿಗೆಯ ತುದಿಯಲ್ಲಿದೆ.

ಇನ್ನು ನೇತ್ರಾ. ಅಪ್ಪ ಇಳಕಲ್ಲಿನ ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಹಿಡಿಯುವವ. ಮಗಳು ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಬಿ.ಕಾಂ. ಮುಗಿಸಿದಳು. ಬಾಗಲಕೋಟೆಯ ನವನಗರದಲ್ಲಿ ಆಡಿಟರ್ ಆಫೀಸಿನ ಕೆಲಸ ಸಿಕ್ಕಾಗ ಅಪ್ಪ, "ಅಷ್ಟು ದೂರ ಬ್ಯಾಡ" ಅಂದ. ಮಗಳು ವಾದ ಮಾಡಲಿಲ್ಲ. ಮರುದಿನ ಬೆಳಗ್ಗೆ ಮೊದಲ ಬಸ್ಸು ಹತ್ತಿದಳು, ನಾಲ್ಕು ವರ್ಷ ಹತ್ತುತ್ತಲೇ ಇದ್ದಳು. ಅಲ್ಲಿಯ ಕೆಲಸವೆಂದರೆ ಪೂರ್ವಾಪರ ವಿಚಾರಣೆ. ಯಾರಾದರೂ ದೊಡ್ಡ ಕಂಪನಿಯವರು ಹೊಲ ಕೊಳ್ಳುವ ಮೊದಲು, ಪಾಲುದಾರಿಕೆ ಮಾಡುವ ಮೊದಲು, ಎದುರಿನವ ಯಾರು, ಅವನ ಮೇಲೆ ಏನು ತಕರಾರಿದೆ ಎಂದು ಹುಡುಕಿ ಬರೆದುಕೊಡುವುದು. ಮೊದಲು ಕಾಗದ ತಿರುವಿ ಮಾಡುತ್ತಿದ್ದರು, ಆಮೇಲೆ ಎಐ ಬಂತು. ಅದನ್ನು ಕೇಳುವ ಪ್ರಶ್ನೆಗೆ ಪ್ರಾಂಪ್ಟ್ ಅನ್ನುತ್ತಿದ್ದರು. ಒಂದೇ ಮಾತನ್ನು ಇವತ್ತೊಂದು ರೀತಿ, ನಾಳೆ ಒಂದು ರೀತಿ ಕೇಳಿದರೆ ಅದು ಉತ್ತರವನ್ನೂ ಹಾಗೇ ಬದಲಿಸುತ್ತಿತ್ತು. ಅದಕ್ಕೆ ನೇತ್ರಾ ಚೆನ್ನಾಗಿ ಕೆಲಸ ಮಾಡಿದ ಪ್ರಶ್ನೆಗಳನ್ನು ಒಂದು ವಹಿಯಲ್ಲಿ ನಂಬರ್ ಹಾಕಿ ಬರೆದಿಟ್ಟಿದ್ದಳು, ಮತ್ತೆ ಮತ್ತೆ ಬಳಸಲಿಕ್ಕೆ. ಪಾಂಡಪ್ಪನ ಮಗ, ಲೈನ್‌ಮನ್ ಪ್ರವೀಣಕುಮಾರನನ್ನು ಮದುವೆಯಾಗಿ ಬೇವೂರಿಗೆ ಬಂದಾಗ ನೌಕರಿ ಬಿಟ್ಟಳು. ವಹಿ ಬಿಡಲಿಲ್ಲ.

ಆ ವರ್ಷದ ಸುಗ್ಗಿ ಮುಗಿಯುವ ಹೊತ್ತಿಗೆ ಊರಿಗೆ ಗಾಳಿ ಕಂಪನಿ ಬಂತು. ಕರೆಂಟು ಹುಟ್ಟಿಸುವ ದೊಡ್ಡ ಫ್ಯಾನು ನಿಲ್ಲಿಸುತ್ತೇವೆ, ಹನ್ನೊಂದು ಮನೆಯವರ ಹೊಲ ಮೂವತ್ತು ವರ್ಷ ಕರಾರಿಗೆ ಬೇಕು ಅಂದರು. ಅದರಲ್ಲಿ ಪಾಂಡಪ್ಪನ ಹೊಲವಿತ್ತು, ಬಸಲಿಂಗವ್ವನ ನಾಲ್ಕೆಕರೆ ಕರಿಮಣ್ಣಿನ ಎರೆ ಹೊಲವೂ ಇತ್ತು. ಅದನ್ನು ದಾಟದೆ ಫ್ಯಾನಿಗೆ ದಾರಿ ಇಲ್ಲ. ಆಕೆಗಿದ್ದದ್ದು ಅದೊಂದೇ ಹೊಲ.

ಕಂಪನಿಯ ಮನುಷ್ಯ ಆನಂದ ಅಂತ. ಬಿಳಿ ಅಂಗಿ, ಮೆತ್ತನೆ ಮಾತು. "ಅಜ್ಜೀ, ಇನ್ನ ಮೂವತ್ತು ವರ್ಷ ಕುಂತು ಉಣ್ರಿ" ಅಂದ.

"ಮೂವತ್ತು ವರ್ಷಕ್ಕ ನನಗ ನೂರಾ ಒಂದು ತುಂಬತೈತಿ. ಅವತ್ತು ಯಾರು ಕುಂದರತಾರ, ಯಾರು ಉಣತಾರ?"

ಆಕೆಯ ಮೈದುನ ಹೊಳಬಸಪ್ಪನಿಗೆ ಮಾತ್ರ ಆಗಲೇ ಪೆನ್ನು ಕೈಯಲ್ಲಿತ್ತು. "ವೈನಿ, ಚಾಷ್ಟಿ ಸಾಕು. ಬಂದ ಲಕ್ಷ್ಮಿನ್ನ ಬಾಗಲದಾಗ ನಿಲ್ಲಿಸಬಾರದು."

ಆಗ ನೇತ್ರಾ ನಡುವೆ ಬಂದಳು. ಸಹಿಗೆ ಮೊದಲು ಕಂಪನಿಯ ಪೂರ್ವಾಪರ ನೋಡೋಣ, ಎರಡು ದಿನ ಕೊಡಿ ಅಂದಳು. ಎರಡು ದಿನಕ್ಕೆ ಉತ್ತರ ತಂದು ಮಾವನ ಪಡಸಾಲೆಯಲ್ಲಿ ಹನ್ನೊಂದು ಮನೆಯವರ ಮುಂದೆ ಓದಿದಳು. ಕಂಪನಿ ಅನುಭವಿ, ನಂಬಿಕೆಗೆ ಯೋಗ್ಯ, ರೈತರ ಹಿತ ಕಾಯುವಂಥದ್ದು. ಹೊಳಬಸಪ್ಪ ತೊಡೆ ತಟ್ಟಿದ.

ಬಸಲಿಂಗವ್ವ ಕೂತಲ್ಲಿಂದ ಕೇಳಿದಳು, "ಇದನ್ನ ಆ ಯಂತ್ರಕ್ಕ ಯಾರು ಹೇಳ್ಯಾರ?"

"ನೆಟ್‌ನ್ಯಾಗ ಐತಿ, ಆಯಿ."

"ನೆಟ್‌ನ್ಯಾಗ ಯಾರು ಬರದಾರ?"

ನೇತ್ರಾ ಫೋನು ತೆಗೆದು ನೋಡಿದಳು. ಕೆಳಗೆ ಕೆಳಗೆ ಸರಿಸಿದಳು. ಎಲ್ಲವೂ ಆ ಕಂಪನಿಯವರೇ ತಮ್ಮ ಬಗ್ಗೆ ಬರೆದುಕೊಂಡದ್ದು.

"ಅಂದ್ರ, ಹುಡುಗ ಹೆಂಗದಾನ ಅಂತ ಹುಡುಗನ ಅವ್ವನ್ನ ಕೇಳಿ ಬಂದಿ" ಅಂದಳು ಬಸಲಿಂಗವ್ವ.

ಪಡಸಾಲೆ ಗೊಳ್ಳೆಂದು ನಕ್ಕಿತು. ನೇತ್ರಾ ನಗಲಿಲ್ಲ, ಅಳಲೂ ಇಲ್ಲ. ಮರುದಿನ ಮಧ್ಯಾಹ್ನ ವಹಿ ಬಗಲಲ್ಲಿಟ್ಟುಕೊಂಡು ಬಸಲಿಂಗವ್ವನ ಮನೆಗೇ ಬಂದಳು.

"ಆಯಿ, ತಪ್ಪು ಎಲ್ಲೈತಿ ಸಿಕ್ತು. ಇಪ್ಪತ್ತೆರಡನೇ ಪ್ರಶ್ನಿ ಹಾಕಿದ್ದೆ. ಕೇಳ್ರಿ. 'ಈ ಕಂಪನಿಯ ಒಳ್ಳೆಯ ಅಂಶಗಳನ್ನು ಪಟ್ಟಿ ಮಾಡಿ, ಓದಿದವರಿಗೆ ವಿಶ್ವಾಸ ಬರುವಂತೆ ಬರೆ.' ಇದು ಆಫೀಸಿನ್ಯಾಗ ಒಬ್ಬ ಕಂಪನಿಯವಗ ಜಾಹೀರಾತಿನ ಪುಸ್ತಕಾ ಮಾಡಿಕೊಡಾಕ ಬರದದ್ದು. ನಂಬರ್ ಹಾಕಿ ಇಟ್ಟೆ. ಯಾರ ಸಲುವಾಗಿ ಬರದದ್ದು ಅಂತ ಹಾಕಲಿಲ್ಲ."

"ಅಂದ್ರ?"

"ಅಂದ್ರ ಇದು ಆ ಕಡಿ ಕುಂತು ಕೇಳೋ ಪ್ರಶ್ನಿ. ನಾವು ಈ ಕಡಿ, ಹೊಲದವರ ಕಡಿ ಕುಂತೀವಿ. ಈ ವಹಿಯಾಗ ಈ ಕಡಿಯಿಂದ ಕೇಳಿದ ಪ್ರಶ್ನಿ ಒಂದೂ ಇಲ್ಲ. ನೀವು ಮನೆತನಾ ಹೆಂಗ ಕೇಳತಿದ್ರಿ ಹೇಳ್ರಿ, ನಾ ಬರಕೋತೀನಿ."

ಇಷ್ಟು ವರ್ಷದಲ್ಲಿ ಬಸಲಿಂಗವ್ವನನ್ನು ವಿಚಾರಣೆಗೆ ಕಳಿಸಿದವರಿದ್ದರು, ಹೇಗೆ ವಿಚಾರಿಸುತ್ತೀ ಅಂತ ಕೇಳಿದವರಿರಲಿಲ್ಲ. ಆಕೆ ಚಹಾಕ್ಕಿಟ್ಟು ಶುರು ಮಾಡಿದಳು.

"ನನ್ನ ತಂಗಿಗೆ ಗುಳೇದಗುಡ್ಡದ್ದೊಂದು ಗಂಡು ಬಂದಿತ್ತು. ಹಿರ್ಯಾರು ಹೋಗಿ, ಹುಡುಗ ಕುಡೀತಾನೇನ್ರಿ ಅಂತ ಕೇಳಿದ್ರು. ಓಣಿಗೆ ಓಣಿನ ಇಲ್ಲ ಅಂತು. ನಾ ಹಿಂದಿಂದ ಹೋಗಿ, ಬಾಜೂ ಅಂಗಡಿಯವನ್ನ ಕೇಳಿದೆ, ಆತ ಸಂಜಿಗೆ ಎಲ್ಲಿ ಸಿಗತಾನ್ರಿ ಅಂತ. ಅಂವ ಏನಂದ ಗೊತ್ತೇನು? 'ಸಂಜಿಗೆ ಬ್ಯಾಡ್ರೀ ಅಕ್ಕಾರ, ಮಾತಾಡೂದಿದ್ರ ಮುಂಜಾನಿ ಬರ್ರಿ.'"

ನೇತ್ರಾ ಚಹಾದ ಕಪ್ಪು ಕೆಳಗಿಟ್ಟು ನಕ್ಕಳು.

"ಹೌದು ಇಲ್ಲಾ ಅಲ್ಲ ಅಂತ ಮುಗಿಸೋ ಪ್ರಶ್ನಿ ಕೇಳಬಾರದು" ಅಂದಳು ಬಸಲಿಂಗವ್ವ. "ಎಲ್ಲಿ, ಯಾವಾಗ, ಯಾರ ಕೂಡ, ಇವನ್ನ ಕೇಳಬೇಕು. ಮತ್ತ, ಗೊತ್ತಿಲ್ಲ ಅನ್ನಾಕ ದಾರಿ ಬಿಡಬೇಕು. ಇಲ್ಲಾಂದ್ರ ಮರ್ಯಾದಿಗೆ ಅಂಜಿ ಏನರ ಒಂದು ಹೇಳಿಬಿಡತಾರ."

"ಈ ಎಐನೂ ಹಂಗ, ಆಯಿ. ಗೊತ್ತಿಲ್ಲ ಅನ್ನಾಕ ಇದಕ್ಕ ಭಾಳ ನಾಚಿಕಿ."

ಅಲ್ಲಿಂದ ಏಳು ಮಧ್ಯಾಹ್ನ ಇಬ್ಬರೂ ಕೂತರು. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ನೇತ್ರಾ ದಪ್ಪ ಅಕ್ಷರದಲ್ಲಿ ಬರೆದಳು, ಬಸಲಿಂಗವ್ವನಿಗೂ ಓದಲು ಬರುವಂತೆ. ಪ್ರತಿ ಹಾಳೆಯ ತಲೆಯ ಮೇಲೆ ಯಾರ ಕಡೆ ಕುಳಿತು ಕೇಳುವುದು ಅಂತ. ನಡುವೆ ಪ್ರಶ್ನೆ, ಕಂಪನಿಯ ಹೆಸರು ಊರ ಹೆಸರು ಬರುವಲ್ಲಿ ಖಾಲಿ ಜಾಗ. ಎಲ್ಲದರ ಕೊನೆಗೂ ಅದೇ ಎರಡು ಸಾಲು: ಇದನ್ನು ಎಲ್ಲಿ ಓದಿದಿ ಹೇಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಅಂಚಿನಲ್ಲಿ ಯಾವ ದಿನ ಕೇಳಿದ್ದು, ಸಿಕ್ಕ ಉತ್ತರದಲ್ಲಿ ಯಾವುದು ಸುಳ್ಳಾಯಿತು.

ಹಾಳೆ ಹೆಚ್ಚಿದ ಮೇಲೆ ಬಸಲಿಂಗವ್ವ ಕುಪ್ಪಸಕ್ಕೆ ಕತ್ತರಿಸಿ ಉಳಿದ ಗುಳೇದಗುಡ್ಡದ ಖಣದ ತುಂಡು ತಂದು ಹಾಳೆಗಳನ್ನು ಗಂಟು ಕಟ್ಟಿದಳು, ಒಂದೊಂದು ಗಂಟಿಗೆ ಒಂದೊಂದು ಬಣ್ಣ. ಹಸಿರಿನಲ್ಲಿ ಮನೆತನ: ಕಂಪನಿ ಯಾವಾಗ ಹುಟ್ಟಿತು, ಯಜಮಾನರು ಯಾರು, ಅವರೇ ನಡೆಸಿದ ಬೇರೆ ಕಂಪನಿ ಯಾವವು. ಕೆಂಪಿನಲ್ಲಿ ಹಳೆಯ ಸಂಬಂಧ: ಮೊದಲು ಯಾವ ಯಾವ ಊರಲ್ಲಿ ಹೊಲ ಹಿಡಿದರು. ಕೋರ್ಟು ತಕರಾರಿಗೆ ನೀಲಿ. ಹಳದಿಯ ಗಂಟು ಕರಾರು ಪತ್ರದ್ದು, ಸಾಲು ಸಾಲಿಗೂ 'ಇದರಿಂದ ಹೊಲದವರು ಏನು ಬಿಟ್ಟುಕೊಡುತ್ತಾರೆ' ಎಂದು ಕೇಳುವಂಥದ್ದು. ಉಳಿದ ಕಪ್ಪು ತುಂಡಿನಲ್ಲಿ ಎಐ ಗೊತ್ತಿಲ್ಲ ಎಂದದ್ದೆಲ್ಲ. ಅವನ್ನು ನಡೆದುಕೊಂಡು ಹೋಗಿಯೇ ಕೇಳಬೇಕು. ನೋಡನೋಡುತ್ತ ಆ ಕಪ್ಪು ಗಂಟೇ ಎಲ್ಲಕ್ಕಿಂತ ದಪ್ಪವಾಯಿತು. ಇದೇ ಕ್ರಮದಲ್ಲಿ ನೇತ್ರಾ ಫೋನಿನಲ್ಲೂ ಇಟ್ಟಳು.

ಹಸಿರು ಗಂಟು ಮೊದಲ ಫಲ ಕೊಟ್ಟಿತು. ಈ ಕಂಪನಿಯ ಯಜಮಾನನೇ ಹಿಂದೆ ಬೇರೆ ಹೆಸರಿನ ಕಂಪನಿ ನಡೆಸಿದಂತಿದೆ, ಖಾತ್ರಿ ಇಲ್ಲ, ಸರ್ಕಾರಿ ದಾಖಲೆ ನೋಡಿ ಎಂದಿತು ಎಐ. ನೇತ್ರಾ ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಿದಳು. ಖರೆ. ಅದೇ ಹೆಸರು, ಅದೇ ವಿಳಾಸ. ಆ ಹಳೆಯ ಕಂಪನಿಯ ಹೆಸರು ಖಾಲಿ ಜಾಗದಲ್ಲಿ ಹಾಕಿ ಕೆಂಪು ಗಂಟಿನ ಪ್ರಶ್ನೆ ಕೇಳಿದರೆ ಹುನಗುಂದ ತಾಲೂಕಿನ ಒಂದು ಹಳ್ಳಿ ಬಂತು. ಅಲ್ಲಿ ಮುಂದೇನಾಯಿತು ಅಂದರೆ, ಗೊತ್ತಿಲ್ಲ.

ಹೊಳಬಸಪ್ಪ ಬಾಗಿಲಲ್ಲಿ ನಿಂತು ಕೆಣಕಿದ. "ಏನ್ ವೈನಿ, ಕಂಪನಿಗೂ ಜಾತಕಾ ಕೂಡಸಾಕತ್ತೀರೇನು?"

"ಜಾತಕಾ ಅಲ್ಲೋ. ಮೊದಲನೇ ಹೇಣ್ತಿ ಏನಾದ್ಳು, ಕೇಳಿಬರತೀವಿ."

ನೇತ್ರಾಗೆ ಆಗ ಐದು ತಿಂಗಳು. ಬಸ್ಸಿನ ಕುಲುಕಾಟ ಬೇಡ ಅಂತ ಅತ್ತೆ ಅಡ್ಡ ನಿಂತಳು. "ಮೆಲ್ಲಕ ಹೋಗತೇನ್ರಿ ಅತ್ತಿ" ಅಂದವಳು ಆಗಲೇ ಚಪ್ಪಲಿ ಮೆಟ್ಟಿದ್ದಳು. ಬಸಲಿಂಗವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಹುನಗುಂದದಲ್ಲಿ ಬಸ್ಸು ಬದಲಿಸಿ, ಇಳಿದು ಅರ್ಧ ತಾಸು ನಡೆದರು. ಆ ಹಳೆಯ ಕಂಪನಿಗೆ ಹೊಲ ಕೊಟ್ಟಿದ್ದ ರಮಾಬಾಯಿ ಅನ್ನುವ ಹೆಣ್ಣುಮಗಳು ತನ್ನ ತೊಗರಿ ಹೊಲಕ್ಕೆ ಕರೆದೊಯ್ದಳು. ಹೊಲದ ನಟ್ಟನಡುವೆ ರಾಶಿ ಮಾಡುವ ಕಣದಷ್ಟು ಅಗಲದ ಕಾಂಕ್ರೀಟು. ಅದರ ಮೇಲೆ ಫ್ಯಾನಿಲ್ಲ, ಏನೂ ಇಲ್ಲ.

"ಪಾಯಾ ಹಾಕಿದವರು ತಮ್ಮ ಹಕ್ಕು ಇನ್ನೊಬ್ಬರಿಗೆ ದಾಟಿಸಿ ಹೋದ್ರು" ಅಂದಳು ರಮಾಬಾಯಿ. "ಆ ಇನ್ನೊಬ್ಬರು ಬರಲಿಲ್ಲ. ಇದನ್ನ ತಗೀರಿ ಅಂತ ಯಾರಿಗೆ ಅನ್ನೂಣು? ಕರಾರಿನ್ಯಾಗ ಇಲ್ಲಂತ. ಬಿತ್ತಾಕ ಬರಾಂಗಿಲ್ಲ. ಬರ್ರಿ, ಕುಂದರಾಕ ಛಲೋ ಐತಿ."

ಮೂವರೂ ಅದರ ಮೇಲೇ ಕುಳಿತು ರೊಟ್ಟಿ ತಿಂದರು. ಬಸಲಿಂಗವ್ವ ಕಾಂಕ್ರೀಟಿನ ಮೇಲೆ ಕೈಯಾಡಿಸಿದಳು, ಬಿಸಿ ಹತ್ತಿತು. ತನ್ನ ಎರೆಯಲ್ಲಿ ಈ ಹೊತ್ತಿಗೆ ಬಿರುಕಿನೊಳಗೆ ಕೈ ಹಾಕಿದರೆ ತಂಪಿರುತ್ತದೆ.

ಮುಂದಿನ ವಾರ ಆನಂದ ಬಂದಾಗ ನೇತ್ರಾ ಕರಾರಿನ ಎರಡು ಸಾಲಿಗೆ ಬೆರಳಿಟ್ಟಳು. ಕಂಪನಿ ತನ್ನ ಹಕ್ಕನ್ನು ಕೇಳದೆ ಬೇರೆಯವರಿಗೆ ಕೊಡಬಹುದು ಎಂಬುದೊಂದು. ಪಾಯ ಕಿತ್ತುಕೊಡುವ ಮಾತು ಇರಬೇಕಾದಲ್ಲಿ ಏನೂ ಇಲ್ಲದ್ದು ಇನ್ನೊಂದು.

"ಇದು ಎಲ್ಲಾ ಕಡೆ ಹಿಂಗ ಇರತೈತಿ, ಮೇಡಂ."

"ಎಲ್ಲಾ ಕಡೆ ಅಂದ್ರ ಎಲ್ಲೆಲ್ಲಿ? ಊರಿನ ಹೆಸರು ಹೇಳ್ರಿ, ಬರಕೋತೀನಿ."

ಆನಂದ ಕಾಗದ ಮಡಚಿಕೊಂಡು ಹೋದ. ಎರಡು ತಿಂಗಳು ಪತ್ತೆ ಇಲ್ಲ. ಊರು ನೇತ್ರಾಳ ಮೇಲೆ ತಿರುಗಿತು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಮಂದಿಯ ಹೊಟ್ಟೆಗೆ ಹೊಡೆದಳು ಅಂದರು. ಹೊಳಬಸಪ್ಪ ಬಸಲಿಂಗವ್ವನ ಜೊತೆ ಮಾತು ಬಿಟ್ಟ. ಮಾವ ಪಾಂಡಪ್ಪ ಕೂಡ ಒಂದು ಸಂಜೆ, "ಇನ್ನ ಸಾಕು ಮಾಡವ್ವಾ" ಅಂದ. ನೇತ್ರಾ, "ಕಾಗದಾ ನೆಟ್ಟಗಾದ ದಿನಾ ಸಾಕ್ರಿ, ಮಾಮಾ" ಅಂದಳು. ಬಸಲಿಂಗವ್ವನ ಪಡಸಾಲೆಗೆ ಬರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಊರವರು ಬೈಯುತ್ತಿದ್ದಾಗಲೇ ಬಾದಾಮಿ ಕಡೆಯಿಂದ, ಇಳಕಲ್ಲಿನಿಂದ, ಕಂಪನಿಗಳು ತಮ್ಮ ಹೊಲವನ್ನೂ ಕೇಳಿದ್ದ ಜನ ಸುದ್ದಿ ತಿಳಿದು ಹಾಳೆ ನಕಲು ಮಾಡಿಕೊಳ್ಳಲು ಬಂದರು. ಬಾದಾಮಿ ಕಡೆಯವರು ಖಾಲಿ ಜಾಗದಲ್ಲಿ ತಮ್ಮೂರಿನ ಹೆಸರು ತುಂಬದೆ, ಮಾದರಿಗೆ ಬರೆದಿದ್ದ ಬೇವೂರಿನ ಹೆಸರನ್ನೇ ಹಾಕಿ ಕೇಳಿದ್ದರು. ಎಐ ಅವರಿಗೆ ಬೇವೂರಿನ ಹೊಲದ ಸಂಗತಿಯೆಲ್ಲ ಹೇಳಿತ್ತು. ಅವತ್ತಿನಿಂದ ಖಾಲಿ ಜಾಗದ ಸುತ್ತೆಲ್ಲ ಕೆಂಪು ಮಸಿಯ ಗೆರೆ ಬಂತು.

ಮೂರನೇ ತಿಂಗಳು ಆನಂದ ಹೊಸ ಕಾಗದ ತಂದ, ಕನ್ನಡದಲ್ಲೇ, ಹದಿನಾರು ಪುಟ. ಪಾಯ ಕೀಳುವ ಮಾತು ಸೇರಿತ್ತು. ಹಕ್ಕು ದಾಟಿಸುವ ಸಾಲು ಬದಲಾಗಿತ್ತು, ಆದರೆ ಮೊದಲಿಗಿಂತ ಉದ್ದವಾಗಿತ್ತು. ಹತ್ತು ಮನೆಯವರು ಬಸಲಿಂಗವ್ವನ ಮುಖ ನೋಡುತ್ತ ನಿಂತರು, ಹೊಳಬಸಪ್ಪನೂ. ಸಹಿ ನಾಡಿದ್ದಿಗೆ ನಿಗದಿಯಾಯಿತು.

ಮರುದಿನ ಬೆಳಗ್ಗೆ ನೇತ್ರಾ ಹೆರಿಗೆಗೆ ತವರಿಗೆ ಹೊರಟಿದ್ದಳು. ಕರೆದೊಯ್ಯಲು ಅಪ್ಪ ಇಳಕಲ್ಲಿನಿಂದ ಬಂದು ಕುಳಿತಿದ್ದ. ಆಕೆ ಚೀಲ ಅಲ್ಲಿಟ್ಟು, ಏದುಸಿರು ಬಿಡುತ್ತ ಬಸಲಿಂಗವ್ವನ ಮನೆಗೆ ಬಂದಳು. ಹೊಸ ಕಾಗದ ಕೊಟ್ಟಳು. ಹಳದಿ ಗಂಟಿನ ಪ್ರಶ್ನೆಗಳಿಗೆ ಬಂದ ಉತ್ತರ ಬರೆದ ಹಾಳೆಯನ್ನೂ ಕೊಟ್ಟಳು, ಆದರೆ ಮಡಚಿ, ಮೇಲೆ ದಾರ ಸುತ್ತಿ.

"ಯಾಕವ್ವಾ ಇದೆಲ್ಲಾ? ನೀ ನೋಡೀದಿ, ನಿನ್ನ ಎಐ ನೋಡೈತಿ" ಅಂದಳು ಬಸಲಿಂಗವ್ವ. "ನೀ ಹೂಂ ಅನ್ನು, ನಾ ಹೂಂ ಅಂತೀನಿ. ಬ್ಯಾಡ ಅಂದ್ರ ಬ್ಯಾಡ."

ನೇತ್ರಾ ತಲೆಯಾಡಿಸಿದಳು. "ನಾ ಅನ್ನಾಂಗಿಲ್ಲ, ಆಯಿ. ಹೊಲ ನಿಮ್ಮದು, ಹೂಂ ನಿಮ್ಮದು. ನನ್ನದೊಂದ ಮಾತು ನಡಸಿಕೊಡ್ರಿ. ಈ ಹದಿನಾರು ಪುಟಾ ನೀವ ಓದ್ರಿ, ಅಕ್ಷರಾ ಕೂಡಿಸಿ ಕೂಡಿಸಿ. ಯಾರ ಕಡಿಂದಾನೂ ಓದಿಸಬ್ಯಾಡ್ರಿ. ತಿಳೀಲಾರದ ಸಾಲಿಗೆ ಗೆರಿ ಹಾಕ್ರಿ, ಆಮ್ಯಾಲೆ ಈ ದಾರ ಬಿಚ್ಚರಿ. ಮೊದಲ ಬಿಚ್ಚಿದ್ರ ಅದರ ಮಾತ ನಿಮ್ಮ ಮಾತಾಗತೈತಿ. ಬಸ್ಸಿಗೆ ಇನ್ನೂ ತಾಸು ಐತಿ. ಮೊದಲನೇ ಪುಟಾ ನನ್ನ ಮುಂದ ಶುರು ಮಾಡ್ರಿ, ನಾ ಕೇಳಿ ಹೋಗತೇನಿ."