ತಡವರಿಸಿದ ದನಿ

ದೆವ್ವದ ಕತೆ ಮಾರಿ ಹೊಟ್ಟೆ ಹೊರೆದವನು ನಾನು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದೊಂದು ಪುಸ್ತಕದಂಗಡಿ ಇತ್ತು. ಅಂಥ ಪುಸ್ತಕ ಕೊಳ್ಳುವವರನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಭಜನೆಯ ಮೇಲೂ ನನಗೆ ಗೌರವವಿರಲಿಲ್ಲ. ದುಃಖಕ್ಕೆ ಒಳ್ಳೆಯ ಪುಸ್ತಕವೇ ಮದ್ದು, ತಾಳ ಬಡಿದರೆ ತಲೆನೋವು ಹೆಚ್ಚುತ್ತದೆ ಅಷ್ಟೇ ಎಂದು ವಾದಿಸುತ್ತಿದ್ದೆ. ಇದನ್ನು ಓದಿ ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಮಾತು. ನನ್ನ ತಂಗಿ ಗಂಗಮ್ಮನನ್ನು ಸಿರುಗುಪ್ಪ ಕಡೆಯ ದೇಶನೂರಿಗೆ ಕೊಟ್ಟಿದ್ದೆವು. ಅವಳ ಗಂಡ ಶರಣಪ್ಪ ಭತ್ತದ ಗದ್ದೆಗೆ ನೀರು ಕಟ್ಟಲು ಹೋದಾಗ ಹಾವು ಕಚ್ಚಿ ತೀರಿಕೊಂಡ. ಸಾಯುವ ವಯಸ್ಸಲ್ಲ. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ, ನಮ್ಮವರ ಪದ್ಧತಿಯಂತೆ, ಅವನನ್ನು ಪಡಸಾಲೆಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ್ದರು. ಹೆಣ ವಾಲದಂತೆ ಪಕ್ಕದಲ್ಲೊಬ್ಬರು ಕೂತು ಹಿಡಿದುಕೊಳ್ಳಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಗಂಗಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾತಿಲ್ಲ, ನನ್ನ ಗುರುತೂ ಇಲ್ಲ. ನಾನು ತಂದ ಪುಸ್ತಕ ಅವಳ ಮಡಿಲಲ್ಲಿ ಹಾಗೇ ಬಿದ್ದಿತ್ತು. ಅವಳ ಅತ್ತೆ ನನ್ನ ಕೈ ಹಿಡಿದುಕೊಂಡು, "ಈಕಿ ಅಳಲಿಲ್ಲಂದ್ರ ತಲಿ ಕೆಡ್ತೈತಿ ಯಪ್ಪಾ. ಮಗನಂತೂ ಹ್ವಾದ, ಸೊಸೀನೂ ಕೈಬಿಟ್ರ ನಾ ಹ್ಯಾಂಗ ಬದುಕ್ಲಿ?" ಎಂದಳು. ನನಗೂ ಅದೇ ಭಯ.

ಊರಿನ ಭಜನೆಯವರೆಲ್ಲ ಶರಣಪ್ಪನ ಗೆಳೆಯರು. ಅವರಿಗೆ ದನಿಯೇ ಹೊರಡಲಿಲ್ಲ. ಹಾಗಾಗಿ ಕುರುಗೋಡಿನಿಂದ ಮೇಳ ಕರೆಸಿದ್ದರು. ಮಟಮಟ ಮಧ್ಯಾಹ್ನ, ಪಡಸಾಲೆ ತುಂಬ ಬೆಳಕು. ನಾಲ್ಕಾರು ಪದಗಳಾದ ಮೇಲೆ ಯಾರೋ ತಗ್ಗಿದ ದನಿಯಲ್ಲಿ ಹೊಸ ಪದವೊಂದನ್ನು ಎತ್ತಿಕೊಂಡರು.

"ಬಿತ್ತಿದಾಂವ ನೀನಲ್ಲ, ಬೆಳೆದಾಂವ ನೀನಲ್ಲ..."

ಹಾರ್ಮೋನಿಯಂ ನುಡಿಸುವವನು ತಾಳದವನ ಮುಖ ನೋಡಿದ. ತಾಳದವನು ಇವನ ಮುಖ ನೋಡಿದ. ಇಬ್ಬರ ತುಟಿಯೂ ಮುಚ್ಚಿತ್ತು. ವಾದ್ಯಗಳು ನಿಂತವು, ದನಿ ನಿಲ್ಲಲಿಲ್ಲ. ನನ್ನ ಅಂಗೈ ಶರಣಪ್ಪನ ಬೆನ್ನ ಮೇಲಿತ್ತು. ಮರಗಟ್ಟಿದ್ದ ಆ ಬೆನ್ನು, ಹಾರ್ಮೋನಿಯಂ ಪೆಟ್ಟಿಗೆ ಅದುರುವಂತೆ ಸಣ್ಣಗೆ ಅದುರುತ್ತಿತ್ತು. ಕೈ ತೆಗೆಯಬೇಕೆಂದರೂ ತೆಗೆಯಲಾಗಲಿಲ್ಲ. ಅವನ ಮುಖ ನೋಡುವ ಧೈರ್ಯವಂತೂ ಬರಲಿಲ್ಲ.

ಮುಂದಿನ ಸಾಲಿಗೆ ದನಿ ತಡವರಿಸಿತು. ಹಿಂದಕ್ಕೆ ಹೋಗಿ ಮತ್ತೆ ಹೇಳಿತು, ಅಲ್ಲೇ ಮತ್ತೆ ನಿಂತಿತು. ಆಗ ಗಂಗಮ್ಮ ತಲೆಯೆತ್ತಿ ನಮ್ಮ ಕಡೆ ನೋಡಿದಳು.

"ದಿನಾ ಇಲ್ಲೇ ಮರೀತೀರಲ್ರಿ," ಎಂದು ರೇಗಿದಳು. ಆಮೇಲೆ ತಾನೇ ಹಾಡಿದಳು: "ಸುಗ್ಗಿ ಮಾಡಾಂವ ಬಂದ್ರ ತಡಿಯಾಂವ ನೀನಲ್ಲ."

ಹಾಡಿ ಮುಗಿಸಿದವಳು ತನ್ನ ಬಾಯಿಂದ ಬಂದದ್ದು ಏನೆಂದು ಆಗ ತಿಳಿದವಳ ಹಾಗೆ ಕೂತಳು. ಮರುಕ್ಷಣ ನೆಲಕ್ಕೆ ಬಿದ್ದು ಹೊರಳಿ ಹೊರಳಿ ಅತ್ತಳು. ಅತ್ತೆ ಅವಳನ್ನು ಅವಚಿಕೊಂಡಳು. ನನ್ನ ಕೈಯಡಿಯ ಬೆನ್ನು ಮತ್ತೆ ಕಲ್ಲಾಗಿತ್ತು.

ಆ ಪದ ತಮಗೆ ಬರುವುದೇ ಇಲ್ಲವೆಂದು ಕುರುಗೋಡಿನವರು ಆಣೆ ಮಾಡಿದರು. ಅಜ್ಜಿಯಿಂದ ಕಲಿತದ್ದನ್ನು ಶರಣಪ್ಪ ಮನೆಯಲ್ಲಿ ಮಾತ್ರ ಗುನುಗುತ್ತಿದ್ದನಂತೆ. ಮರೆತ ಸಾಲನ್ನು ಗಂಗಮ್ಮ ಅಡಿಗೆಮನೆಯಿಂದ ಕೂಗಿ ಹೇಳುತ್ತಿದ್ದಳಂತೆ. ಅಂಗಡಿಯಲ್ಲಿದ್ದ ತತ್ವಪದದ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಅದು ಎಲ್ಲೂ ಸಿಗಲಿಲ್ಲ.

ತಂಗಿ ಚೇತರಿಸಿಕೊಂಡಳು, ಗದ್ದೆ ನೋಡಿಕೊಂಡಳು. ಒಮ್ಮೆ ಮಾತ್ರ ಕೇಳಿದಳು: "ಅಣ್ಣಾ, ನೀ ಮಗ್ಗಲದಾಗ ಕುಂತಿದ್ದಿ. ಹಾಡಿದ್ದು ಯಾರು?"

"ಗೊತ್ತಿಲ್ಲವ್ವಾ," ಎಂದೆ. ಇಂದಿಗೂ ಗೊತ್ತಿಲ್ಲ.

ಮುಂದೆ ನಮ್ಮಪ್ಪ ತೀರಿಕೊಂಡಾಗ ಹಿರಿಮಗನಾದ ನಾನೇ ಪಕ್ಕದಲ್ಲಿ ಕೂರಬೇಕಿತ್ತು. ಕೂತೆ. ಭಜನೆ ಶುರುವಾಯಿತು. ಹತ್ತಿರವಿದ್ದವರ ಕೈಗೆ ಅಪ್ಪನನ್ನು ಒಪ್ಪಿಸಿ, ನಾನು ಎದ್ದು ಅಂಗಳಕ್ಕೆ ಹೋದೆ. ಮಣ್ಣು ಮಾಡುವವರೆಗೂ ಅಪ್ಪನನ್ನು ಮುಟ್ಟಲಿಲ್ಲ.