ಮಾದೇವನ ಕೈಗುಣ

ಹಾರ್ಡನರ್ ಬಾಟಲಿಗೆ ನೀರು ತುಂಬಿಟ್ಟವನು ನಾನು, ಮಾದೇವ. ನಿನ್ನ ಒಡಹುಟ್ಟಿದ ಅಣ್ಣ.

ವಾಸನೆಯಲ್ಲಿ ನಿನಗೆ ಗುಮಾನಿ ಬರಬಾರದೆಂದು ಬಾಟಲಿಯ ತಳದಲ್ಲಿ ನಾಲ್ಕು ಹನಿ ಉಳಿಸಿದ್ದೆ. ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ಲೆಕ್ಕಾಚಾರವಿತ್ತು.

ನೆನಪಿದೆಯಲ್ಲ—ಅಪ್ಪ ತೆಪ್ಪ ನಡೆಸುವುದು ಬಿಟ್ಟು, ಯಾವುದೋ ರೆಸಾರ್ಟಿನವರು ಮೂಲೆಗೆಸೆದಿದ್ದ ಫೈಬರ್ ಮೋಟಾರ್ ಬೋಟನ್ನು ನರಸೀಪುರದ ನಮ್ಮ ಹಿತ್ತಲಿಗೆ ಎಳೆಸಿ ತಂದದ್ದು. ತಳ ಸೀಳಿತ್ತು, ಡೆಕ್ಕಿನ ಮೇಲೆ ಕಾಲಿಟ್ಟರೆ ಕುಸಿಯುತ್ತಿತ್ತು. ನಂಜನಗೂಡಿನ ಫೈಬರ್ ಟ್ಯಾಂಕ್ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವನು ನಾನು. ನೀನು ನನ್ನ ಹಿಂದೆ ನಿಂತು ನೋಡಿ ಕಲಿತವನು. ರೆಸಿನ್ ಎಂಬ ಅಂಟುದ್ರವಕ್ಕೆ ಹಾರ್ಡನರ್ ಬೆರೆಸಿದರಷ್ಟೇ ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ಎಂದೆಂದಿಗೂ ಅಂಟು ಅಂಟು—ಇದನ್ನೂ ನಾನೇ ಹೇಳಿಕೊಟ್ಟಿದ್ದೆ. ತಳಕ್ಕೆ ನಾನು ಬೆರೆಸಿಕೊಟ್ಟೆ, ನೀನು ಗಾಜಿನೆಳೆಯ ಹಾಸು ಕೂರಿಸಿದೆ. ಒಂದು ಗುಳ್ಳೆ ಏಳಲಿಲ್ಲ. ಅಪ್ಪ ಅದರ ಮೇಲೆ ಕೈಯಾಡಿಸಿ, "ದೊಡ್ಡೋನಿಗಿಂತ ಚಿಕ್ಕೋನ್ ಕೈಯೇ ವಾಸಿ ಕಣ್ಲಾ. ಡೆಕ್ಕೂ ಇವ್ನೇ ಮಾಡ್ಲಿ, ಬೋಟೂ ಇವ್ನೇ ಓಡುಸ್ಲಿ" ಅಂದರು.

ಅಷ್ಟೇ. ಅಷ್ಟು ಸಾಕಾಯಿತು ನನಗೆ.

ಆ ಬಾಟಲಿಯಿಂದ ನೀನೇ ಬೆರೆಸಿ ಮಾಡಿದ ಡೆಕ್ಕು ಗಟ್ಟಿಯಾಗಲೇ ಇಲ್ಲ. ಮಾರನೆಯ ದಿನ ಅಪ್ಪನ ಚಪ್ಪಲಿ ಅದಕ್ಕೆ ಅಂಟಿಕೊಂಡಿತು. ನೋಡಲು ಬಂದಿದ್ದ ನೆಂಟರು ನಕ್ಕರು—ನಾನೂ ನಕ್ಕೆ. "ನಿನ್ ಕೈಗುಣವೇ ಸರಿ ಇಲ್ಲ ಕಣ್ಲಾ. ಮುಟ್ಟಿದ್ದೆಲ್ಲ ಆಳಾಯ್ತದೆ" ಅಂದರು ಅಪ್ಪ. ನೀನು ನಿನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ನನ್ನದು ತಣ್ಣಗಿತ್ತು. ಅಂಟನ್ನೆಲ್ಲ ಕೆರೆದು, ಅಡಗಿಸಿಟ್ಟಿದ್ದ ಹಾರ್ಡನರ್ ತೆಗೆದು, ನಾನೇ ಡೆಕ್ ಮಾಡಿದೆ. ಸಂಜೆಗೆ ಕಲ್ಲಾಯಿತು. ಬೋಟು ನನ್ನದಾಯಿತು.

ಆಮೇಲೆ ಊರೇ ಆ ಮಾತು ಹಿಡಿಯಿತು. ಬಿತ್ತನೆಯ ಮೊದಲ ಹಿಡಿ ಹಾಕಲು ನಿನ್ನನ್ನು ಯಾರೂ ಕರೆಯಲಿಲ್ಲ. ನೀನೂ ನಂಬಿಬಿಟ್ಟೆ—ಕೈಯಿಂದ ಏನನ್ನೂ ಮಾಡಬೇಕಿಲ್ಲದ ಕೆಲಸ ಹುಡುಕಿ ನಂಜನಗೂಡಿನಲ್ಲಿ ವಾಚ್‌ಮನ್ ಆದೆ. ನಾನು ಸಂಗಮದಲ್ಲಿ ಜನರನ್ನು ಕೂರಿಸಿಕೊಂಡು ಮೆರೆದೆ. ನೀನು ಮಾಡಿದ ತಳ ಇವತ್ತಿಗೂ ಒಂದು ಹನಿ ನೀರು ಒಳಗೆ ಬಿಟ್ಟಿಲ್ಲ. ನನ್ನ ಡೆಕ್ಕಿಗೆ ಮಾತ್ರ ಮತ್ತೆ ಮತ್ತೆ ತೇಪೆ ಹಾಕುತ್ತಿದ್ದೇನೆ.

ನಿನ್ನ ಮಗಳು ಪವಿತ್ರಳ ಮದುವೆಯಲ್ಲಾದರೂ ಬಾಯಿ ಬಿಡಬಹುದಿತ್ತು. ಮಂಟಪದಲ್ಲಿ ನೀನು ಹಿಂದೆ ಸರಿದು, "ನನ್ ಮಗಳು ಚೆನ್ನಾಗ್ ಬಾಳ್ಬೇಕು. ನನ್ ಕೈ ಬ್ಯಾಡ ಕಣಣ್ಣ. ನೀನೂ ಅತ್ತಿಗೇನೂ ಧಾರೆ ಎರ್ದ್‌ಬುಡಿ" ಅಂದೆ. ನಾನು ಎರೆದೆ. ಬಾಟಲಿಗೆ ನೀರು ಸುರಿದ ಇದೇ ಕೈಯಿಂದ—ನಿನ್ನ ಮಗಳ ಧಾರೆಗೆ ಹಾಲು. ಊಟಕ್ಕೆ ಕೂತಾಗ ಎರಡನೇ ಸಲ ಪಾಯಸ ಹಾಕಿಸಿಕೊಂಡೆ ಕೂಡ.

ಹೋದ ವಾರ ಪವಿತ್ರ ಮಗುವನ್ನು ಕರೆದುಕೊಂಡು ತವರಿಗೆ ಬಂದಾಗ ನಾನೂ ಅಲ್ಲಿದ್ದೆ. ಮಗು ನಿನ್ನತ್ತ ಬಗ್ಗಿತು. ನೀನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಕ್ಕೆ—ಆ ನಗು—

ಅಪ್ಪ ನಿನ್ನ ಕೈ ಕೆಟ್ಟದ್ದೆಂದು ನಂಬಿಕೊಂಡೇ ಕಣ್ಣು ಮುಚ್ಚಿದರು. ಅದನ್ನು ಸರಿಮಾಡಲು ನನ್ನಿಂದಾಗದು. ನಾಳೆ ನಿನ್ನ ಮನೆಗೆ ಬರುತ್ತೇನೆ. ಪವಿತ್ರಳ ಎದುರಿಗೇ ಇಷ್ಟನ್ನೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಮೊದಲು ಮಗುವನ್ನು ಎತ್ತಿಕೋ. ಆಮೇಲೆ ಆ ಕೈಯಿಂದ ನನಗೇನು ಮಾಡಬೇಕೋ ಮಾಡು.